ಗಂಗೆ ಹೊತ್ತು ಬಿದ್ದ ವರ್ಷ

ಒದ್ದೆ ರೇಷ್ಮೆಗೆ ಒಂದು ವಾಸನೆಯಿದೆ. ಹೋದ ತಿಂಗಳು ಗೋಣಿಕೊಪ್ಪಲಿನಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಮದುಮಗಳು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ನನ್ನ ಪಕ್ಕದಲ್ಲೇ ಹಾದುಹೋದಳು. ನೀರು ತುಳುಕಿ ಅವಳ ಕೆಂಪು ಸೀರೆಯ ಭುಜ ನೆಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕಿವಿಯ ತನಕ ಬಿಸಿಯೇರಿತು. ಅಷ್ಟರಲ್ಲಿ ವಾಲಗದವರು ಜೋರಾಗಿ ಬಾರಿಸಲು ಶುರುಮಾಡಿದರು. ನಾನು ಮಗಳ ಚಪ್ಪಲಿ ಹುಡುಕುವ ನೆಪ ಮಾಡಿ ಕಾರಿನಲ್ಲಿ ಹೋಗಿ ಕುಳಿತುಬಿಟ್ಟೆ. ಇಷ್ಟು ವರ್ಷವಾದರೂ ಆ ಶಾಸ್ತ್ರವನ್ನು ನಿಂತು ನೋಡಲು ನನಗೆ ಮುಖವಿಲ್ಲ.

ನಮ್ಮ ಕೊಡವರ ಮದುವೆಯಲ್ಲಿ ಗಂಡನ ಮನೆಗೆ ಬಂದ ಮದುಮಗಳು ಬಾವಿಯ ಬಳಿ ತೆಂಗಿನಕಾಯಿ ಒಡೆದು, ವೀಳ್ಯದೆಲೆ ಇಟ್ಟು, ಗಂಗೆಗೆ ಕೈಮುಗಿದು, ನೀರು ಹೊತ್ತು ಅಡಿಗೆಮನೆಗೆ ತರಬೇಕು. ಬಾವಿಯಿಂದ ಅಡಿಗೆಮನೆಗೆ ನಾಲ್ಕು ಹೆಜ್ಜೆ ಇರಬಹುದು. ಆದರೆ ಗಂಡಿನ ಕಡೆಯವರು ಅಡ್ಡ ನಿಂತು ಕುಣಿಯುತ್ತಾರೆ. ಅವರು ಹಿಂದೆ ಸರಿದಷ್ಟೇ ಇವಳು ಮುಂದೆ ಹೋಗಬಹುದು. ಕೂರುವಂತಿಲ್ಲ, ಬಿಂದಿಗೆ ಇಳಿಸುವಂತಿಲ್ಲ. ಸೊಸೆಯ ತಾಳ್ಮೆಯ ಪರೀಕ್ಷೆ ಅದು ಎಂದು ಹಿರಿಯರು ಹೇಳುತ್ತಾರೆ. ಈಚೆಗೆ ಅದು ಕುಣಿಯುವವರ ಬಾಟಲಿ ಮುಗಿಯುವ ತನಕ ನಡೆಯುತ್ತದೆ ಎಂದು ನಾನು ಹೇಳುತ್ತೇನೆ. (ಮನೆಯಲ್ಲಿ ನಾವು ಆಡುವುದು ಕೊಡವ ತಕ್ಕ್. ಬರೆಯಲು ಕುಳಿತರೆ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವೇ ಕೈಗೆ ಬರುತ್ತದೆ. ಹಾಗಾಗಿ ಇಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ.)

ನಿಲ್ಲುವುದು ನನಗೆ ಮೊದಲಿನಿಂದಲೂ ಆಗಿಬರದ ಕೆಲಸ. ಶಾಲೆಯ ಪ್ರಾರ್ಥನೆಯಲ್ಲಿ ಸಾಲಿನಲ್ಲಿ ನಿಂತವಳು ನಾಡಗೀತೆ ಮುಗಿಯುವ ಮೊದಲೇ ಬಿದ್ದದ್ದುಂಟು. ಕಿವಿ ಚುಚ್ಚಿಸಿಕೊಳ್ಳಲು ನಿಂತಾಗ ಬಿದ್ದಿದ್ದೆ. ಒಮ್ಮೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಅಪರಿಚಿತ ಹೆಂಗಸಿನ ಮಡಿಲಿಗೇ ಬಿದ್ದಿದ್ದೆ. ಪ್ರತಿಸಲವೂ ನೆಲದ ಮೇಲೆ ಸ್ವಲ್ಪ ಹೊತ್ತು ಮಲಗಿದರೆ ಏನೂ ಆಗದವಳ ಹಾಗೆ ಎದ್ದು ಕೂರುತ್ತಿದ್ದೆ. ಅವ್ವ ಬೆಲ್ಲ ಹಾಕಿದ ಕಾಫಿ ಕೊಟ್ಟು ಒಂದೇ ಮಾತು ಹೇಳುತ್ತಿದ್ದಳು: "ಯಾರತ್ರನೂ ಹೇಳ್ಬೇಡ. ಹೆಣ್ಣು ಹುಡುಗಿ ನೀನು." ಅಪ್ಪ ತೀರಿಹೋದ ಮೇಲೆ ಒಬ್ಬಳೇ ನನ್ನನ್ನು ಸಾಕಿದವಳು ಅವಳು. ಅವಳ ಮಾತನ್ನು ನಾನು ಮೀರಿದವಳಲ್ಲ.

ಮುಂದೆ ನನ್ನ ಗಂಡನಾದ ಉತ್ತಯ್ಯನ ಮನೆಯಿಂದ ಹೆಣ್ಣು ಕೇಳಿಕೊಂಡು ಬಂದಾಗ ನಮ್ಮ ಅರುವ ಮಾಚಯ್ಯಜ್ಜನೇ ಎಲ್ಲ ಮಾತಾಡಿದ್ದು. ಅರುವ ಎಂದರೆ ಮದುವೆಯಲ್ಲಿ ಒಂದು ಮನೆಯ ಪರವಾಗಿ ಮಾತು ಕೊಡುವವರು. ನಾಳೆ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವರೂ ಅವರೇ. "ಹುಡುಗಿಗೆ ಊನವಿಲ್ಲ, ರೋಗವಿಲ್ಲ, ನಾನು ನಿಂತಿದ್ದೇನೆ" ಎಂದು ಅಜ್ಜ ಎದೆತಟ್ಟಿ ಹೇಳಿದಾಗ ಅವ್ವ ಕಾಫಿ ಲೋಟ ಜೋಡಿಸುತ್ತಿದ್ದಳು. ನಾನು ಬಾಗಿಲ ಹಿಂದೆ ಇದ್ದೆ. ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ತಲೆ ತಿರುಗಿ ಬೀಳುವುದು ರೋಗ ಎಂದು ನಮಗೆ ಅನ್ನಿಸಿರಲೂ ಇಲ್ಲ, ಅದು ನಿಜ. ಆದರೆ ಅನ್ನಿಸಿದ್ದರೂ ಹೇಳುತ್ತಿರಲಿಲ್ಲ, ಅದೂ ನಿಜ.

ಮೇ ತಿಂಗಳಲ್ಲಿ ಮದುವೆ. ಆ ವರ್ಷ ಕಾಫಿ ಅರಳಿಸುವ ಹೂಮಳೆಯಾದ ಮೇಲೆ ಮೋಡವೇ ಕಾಣಲಿಲ್ಲ, ಸೆಕೆ ಎಂದರೆ ಸೆಕೆ. ಗಂಗೆಗೆ ಹೋಗುವ ಮೊದಲು ಚಿಕ್ಕಮ್ಮಂದಿರು ನನ್ನನ್ನು ಕೂರಿಸಿ ಕಡಂಬುಟ್ಟು, ಹಂದಿ ಕರಿ ಬಾಯಿಗೆ ತುರುಕಿದ್ದರು. "ತಿನ್ನು ತಿನ್ನು, ಇನ್ನು ಅವರು ಕುಣಿದು ಮುಗಿಸೋ ತನಕ ನಿಂಗೆ ಏನೂ ಸಿಗಲ್ಲ." ಹೊಟ್ಟೆ ತುಂಬಿಸಿ, ಅದರ ಮೇಲೆ ಸೀರೆ ಬಿಗಿದು, ಪಿನ್ನು ಹಾಕಿ, ಬಾವಿಯ ಹತ್ತಿರ ನಿಲ್ಲಿಸಿದರು.

ವಾಲಗ ಶುರುವಾಯಿತು. ಉತ್ತಯ್ಯನ ಗೆಳೆಯರು, ಭಾವಂದಿರು, ಎಲ್ಲಿಂದಲೋ ಬಂದ ಮಾವಂದಿರು ಕುಣಿದರು, ಕುಣಿದರು, ಮತ್ತೆ ಕುಣಿದರು. ಒಬ್ಬರು ದಣಿದು ಹೋದರೆ ಇಬ್ಬರು ಬಂದರು. ನನಗೆ ಆಕಳಿಕೆ ಬರತೊಡಗಿತು, ಒಂದರ ಹಿಂದೆ ಒಂದು. "ನೋಡಿ ಸೊಸೆಯ ಜಂಭ! ನಮ್ಮ ಕುಣಿತಕ್ಕೆ ಆಕಳಿಸ್ತಾಳೆ" ಎಂದು ಯಾರೋ ನಕ್ಕರು. ಹೊಟ್ಟೆಯೊಳಗೆ ಬೆಚ್ಚಗೆ ಏನೋ ಸಡಿಲಾದ ಹಾಗಾಯಿತು. ವಾಲಗದ ಸದ್ದು ಪಕ್ಕದ ಊರಿಗೆ ಹೋಯಿತು. ಕುಣಿಯುವವರ ಬಿಳಿ ಅಂಗಿಗಳು ಹಸಿರಾಗಿ ಕಂಡವು.

ಮುಂದಿನದು ನಾನು ಕಂಡದ್ದಲ್ಲ, ಆಮೇಲೆ ವೀಡಿಯೋದಲ್ಲಿ ನೋಡಿದ್ದು. ನನ್ನ ಮೊಣಕಾಲು ಮಡಚುತ್ತಿದ್ದಂತೆ ಪಕ್ಕದಲ್ಲಿದ್ದ ಅತ್ತೆ, ಮಾವಿ ಎನ್ನುತ್ತೇವೆ ನಾವು, ನನ್ನ ಕಂಕುಳಿಗೆ ಕೈಹಾಕಿ ಎತ್ತಿ ಹಿಡಿದುಕೊಂಡರು. ಇನ್ನೊಂದು ಕಡೆಯಿಂದ ಅವರ ತಂಗಿ. "ಹಿಡ್ಕೋ, ಬಿಡ್ಬೇಡ! ಗಂಗೆ ಹೊತ್ತವಳು ನೆಲಕ್ಕೆ ಬೀಳಬಾರದು!" ಎಂದು ಮಾವಿ ಕೂಗುವುದು ವಾಲಗದ ನಡುವೆಯೂ ಕೇಳಿಸುತ್ತದೆ. ಬಿಂದಿಗೆಯನ್ನು ಯಾರೋ ಹಿಡಿದರು, ನೀರು ಪೂರ್ತಿ ನನ್ನ ಮೇಲೆ ಸುರಿಯಿತು. ಒಣಹಾಕಿದ ಬಟ್ಟೆಯ ಹಾಗೆ ನಾನು ಅವರಿಬ್ಬರ ನಡುವೆ ನೇತಾಡುತ್ತಿದ್ದೆ. ಆಮೇಲೆ ನನ್ನ ಕೈಕಾಲು ಅದುರಿತು, ಕಣ್ಣು ಮೇಲಕ್ಕೆ ಹೋಯಿತು. ವಾಲಗ ನಿಂತಿತು. ಯಾರೋ ಹೆಂಗಸು ಆ ಮಾತು ಹೇಳಿಬಿಟ್ಟಳು: "ಫಿಟ್ಸ್."

ಎಚ್ಚರವಾದಾಗ ನಾನು ಜಗಲಿಯಲ್ಲಿ ಮಲಗಿದ್ದೆ, ತಲೆಯಿಂದ ಕಾಲಿನ ತನಕ ತೊಪ್ಪೆಯಾಗಿದ್ದೆ. "ಪಾಪ, ಗಂಗೆ ಎಲ್ಲ ಮೈಮೇಲೆ ಬಿತ್ತು" ಎಂದು ಸೆರಗಿನಿಂದ ಒರೆಸಿದರು. ಅದರಲ್ಲಿ ಎಷ್ಟು ಗಂಗೆ, ಎಷ್ಟು ನಾನು ಎಂಬುದು ನನಗೊಬ್ಬಳಿಗೇ ಗೊತ್ತು.

ಮೊದಲೆರಡು ದಿನ ನಾನು ಬಸುರಿ ಎಂದರು. ಅಲ್ಲ ಎಂದು ಗೊತ್ತಾದ ಮೇಲೆ ಮೂರ್ಛೆರೋಗ ಎಂದರು. ಪೇಟೆಯ ಡಾಕ್ಟರರು ಕೇಳಿದ ಒಂದೇ ಪ್ರಶ್ನೆ ಕೈಕಾಲು ಅದುರಿತೇ ಎಂಬುದು. ಹೌದು ಎಂದದ್ದಕ್ಕೆ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದು, "ಬೆಂಕಿ, ನೀರು, ಎತ್ತರ, ಮೂರೂ ಕಡೆ ಒಬ್ಬಳನ್ನೇ ಬಿಡ್ಬೇಡಿ" ಎಂದರು. ಅಷ್ಟೇ, ಮಾವಿ ಆ ಮೂರನ್ನೂ ವೇದವಾಕ್ಯ ಮಾಡಿಕೊಂಡರು.

ಮಳೆಗಾಲ ಬಂತು. ಹೊಸ ಸೊಸೆ ನಾನು, ಒಲೆಯ ಹತ್ತಿರ ಹೋಗುವಂತಿಲ್ಲ, ಬಾವಿಯ ಹತ್ತಿರ ಹೋಗುವಂತಿಲ್ಲ. ಸ್ನಾನಕ್ಕೆ ಹೋದರೆ ಚಿಲಕ ಹಾಕುವಂತಿಲ್ಲ, ಬಾಗಿಲ ಹೊರಗೆ ಮಾವಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಮಾತ್ರೆಯ ಮಂಪರಿನಲ್ಲಿ ಹಗಲು ರಾತ್ರಿ ಒಂದೇ ಆಗಿತ್ತು. ಅಕ್ಕಿ ಆರಿಸಲು ಕೂತರೆ ಮೊರದ ಮೇಲೆ ತಲೆಯಿಟ್ಟು ನಿದ್ದೆ. ಆಷಾಢದ ಹೊತ್ತಿನ ಕಕ್ಕಡ ತಿಂಗಳಲ್ಲಿ ಎಲ್ಲರೂ ಮದ್ದುಸೊಪ್ಪಿನ ಪಾಯಸ ಒಂದು ಲೋಟ ಕುಡಿದರೆ, ಮಾವಿ ನನಗೆ ಮೂರು ಲೋಟ ಕುಡಿಸಿದರು, ಇದರಲ್ಲಾದರೂ ವಾಸಿಯಾಗಲಿ ಎಂದು. ಅವರು ಒಂದು ದಿನವೂ ಗದರಲಿಲ್ಲ. ಗದರಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗಬಹುದಿತ್ತು.

ನನ್ನ ಗಂಡ ಉತ್ತಯ್ಯನಿಗೆ ಗೋಣಿಕೊಪ್ಪಲಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮಾತು ಕಡಿಮೆ. ವೀಡಿಯೋ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿದೆ ಎಂದು ಗೊತ್ತಾದ ದಿನ ಊಟ ಬಿಟ್ಟು ಎದ್ದು ಹೋಗಿ ಯಾರಿಗೋ ಫೋನಿನಲ್ಲಿ ಹಿಗ್ಗಾಮುಗ್ಗಾ ಬೈದಿದ್ದ. ಹಾಗೆ ಬೈದದ್ದರಿಂದ ನೋಡದವರೂ ನೋಡಿದರು. ಅಂಗಡಿ ಬೀದಿಗೆ ಹೋದರೆ ಜನ ಮೊದಲು ನನ್ನ ಮುಖ ನೋಡಿ, ಆಮೇಲೆ ನನ್ನ ಕಾಲು ನೋಡುತ್ತಿದ್ದರು, ನಿಂತಿದ್ದೇನೋ ಇಲ್ಲವೋ ಎಂದು.

ಮಳೆ ಕಡಿಮೆಯಾದ ಮೇಲೆ ಅವ್ವ ನನ್ನನ್ನು ನೋಡಲು ಬಂದಳು. ಮಾವಿ ಅವಳಿಗೆ ಕಾಫಿ ಕೊಟ್ಟು ಎದುರಿಗೇ ಕುಳಿತರು.

"ಒಂದೇ ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಮದುವೆಗೆ ಮೊದಲು ಯಾವಾಗಾದ್ರೂ ಹೀಗೆ ಬಿದ್ದದ್ದುಂಟಾ?"

"ಇಲ್ಲ," ಎಂದಳು ಅವ್ವ. "ಒಂದು ಸಲವೂ ಇಲ್ಲ."

ಎಷ್ಟು ಬೇಗ ಹೇಳಿದಳು ಎಂದರೆ ಮಾವಿಗೆ ಅನುಮಾನ ಬಂದದ್ದು ಅಲ್ಲಿಯೇ ಇರಬೇಕು. ಅವ್ವ ಅಲ್ಲಿರುವಾಗಲೇ ಮಾಚಯ್ಯಜ್ಜನಿಗೆ ಹೇಳಿಕಳಿಸಿದರು. ಕಾಯಿಲೆ ಮುಚ್ಚಿಟ್ಟು ಹುಡುಗಿ ಕೊಟ್ಟಿದ್ದರೆ ಈ ಸಂಬಂಧವನ್ನು ಹೇಗೆ ಮುಂದುವರಿಸುವುದು ಎಂದು ನೇರವಾಗಿಯೇ ಕೇಳಿದರು. ಅಜ್ಜನಿಗೆ ಎಂಬತ್ತರ ಹತ್ತಿರ ವಯಸ್ಸು. ಕೋಲೂರಿಕೊಂಡು ಬಂದವರು ಸಿಟ್ಟಿನಿಂದ ಅದನ್ನೇ ನೆಲಕ್ಕೆ ಕುಟ್ಟಿದರು. "ನನ್ನ ಮಾತು ಸಾಲದಾ? ಹುತ್ತರಿಗೆ ಮೊದಲು ಇದೇ ಮನೆಗೆ ಬಂದು, ನೆಲ್ಲಕ್ಕಿಯ ತೂಗುದೀಪ ಮುಟ್ಟಿ ಹೇಳ್ತೇನೆ, ಈ ಹುಡುಗಿ ಹಿಂದೆ ಯಾವತ್ತೂ ಬಿದ್ದಿಲ್ಲ ಅಂತ. ಸುಳ್ಳಾದ್ರೆ ಕಾರಣವರು ನೋಡ್ಕೊಳ್ಳಲಿ." ನೆಲ್ಲಕ್ಕಿ ಎಂದರೆ ದೀಪವಿರುವ ನಡುಮನೆ, ಕಾರಣವರು ಎಂದರೆ ಮನೆಯ ಹಿರಿಯ ಪಿತೃಗಳು. ಅವರ ಹೆಸರು ಹೇಳಿ ದೀಪ ಮುಟ್ಟಿದ ಮೇಲೆ ನಮ್ಮಲ್ಲಿ ಹಿಂದೆ ಸರಿಯುವುದಿಲ್ಲ.

ಅವ್ವನನ್ನು ಬಸ್ಸಿಗೆ ಬಿಡಲು ಹೋದಾಗ ನಾನು ಕೈ ಹಿಡಿದುಕೊಂಡೆ. "ಅವ್ವಾ, ಹೇಳಿಬಿಡೋಣ. ಅಜ್ಜನ ಕೈಲಿ ಸುಳ್ಳು ದೀಪ ಮುಟ್ಟಿಸೋದು ಬೇಡ."

"ಈಗ ಹೇಳಿದ್ರೆ ನಾನು ಸುಳ್ಳಿ, ನೀನು ರೋಗಿಷ್ಠೆ. ಗಂಟುಮೂಟೆ ಕಟ್ಕೊಂಡು ಬರ್ತೀಯಾ?" ಬಸ್ಸು ಹತ್ತಿ ಕಿಟಕಿಯಿಂದ ಮತ್ತೆ ಹೇಳಿದಳು, "ಅಜ್ಜನಿಗೆ ಗೊತ್ತಿಲ್ಲದ ಸುಳ್ಳು ಅಜ್ಜನಿಗೆ ತಟ್ಟಲ್ಲ." ಆ ಸಮಾಧಾನ ಯಾರಿಗೆ ಹೇಳಿಕೊಂಡಳೋ. ನನಗಂತೂ ಅಂದಿನಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ನೆಲ್ಲಕ್ಕಿಗೆ ಕಾಲಿಡಲು ನಾಚಿಕೆಯಾಗುತ್ತಿತ್ತು.

ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ತೀರ್ಮಾನ ಉತ್ತಯ್ಯನದು. "ಪಂಪು ನಿಂತ್ರೆ ಮೊದಲು ಬಿಚ್ಚಿ ನೋಡೋದು, ಆಮೇಲೆ ಕಂಪನಿಯವರನ್ನು ಬೈಯೋದು" ಎಂದ. ಮಾವಿಯೂ ಜೀಪು ಹತ್ತಿದರು. ಗದ್ದೆಯಲ್ಲಿ ಭತ್ತ ಹಳದಿಯಾಗಿತ್ತು, ಸುಗ್ಗಿಯ ಹಬ್ಬ ಹುತ್ತರಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಡಾಕ್ಟರಮ್ಮನಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ವೀಡಿಯೋ ಇದ್ದರೆ ತೋರಿಸಿ ಎಂದರು. ಉತ್ತಯ್ಯ ತಲೆ ಬಗ್ಗಿಸಿಕೊಂಡು ಫೋನು ಕೊಟ್ಟ. ಆ ಕೋಣೆಯಲ್ಲಿ ವಾಲಗ ಮತ್ತೆ ಮೊಳಗಿತು. ನಾನು ಗೋಡೆ ನೋಡುತ್ತಾ ಕುಳಿತೆ. ಅವರು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿ, ಬೀಳುವ ಮೊದಲು ನಾನು ಆಕಳಿಸಿದ ಕಡೆ ನಿಲ್ಲಿಸಿದರು.

"ಇದಕ್ಕೆ ಮುಂಚೆ ಯಾವತ್ತಾದ್ರೂ ಬಿದ್ದಿದ್ದೀರಾಮ್ಮ? ಚಿಕ್ಕವರಿದ್ದಾಗ, ಸ್ಕೂಲಲ್ಲಿ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಎಲ್ಲ ಇದ್ರ ಮೇಲೇ ನಿಂತಿದೆ. ಚಿಕ್ಕಂದಿನಿಂದ ನಿಂತಾಗ ಮಾತ್ರ ಬೀಳ್ತಾ ಇದ್ದು, ಮಲಗಿದ ಕೂಡಲೇ ಸರಿಹೋಗ್ತಾ ಇದ್ರೆ, ಇದು ಫಿಟ್ಸ್ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು."

ಮಾವಿ ನನ್ನ ಎಡಗಡೆಯೇ ಕುಳಿತಿದ್ದರು. ಹೌದು ಎಂದರೆ ರೋಗ ಹೋಗುತ್ತದೆ, ಅವ್ವನ ಮಾನವೂ ಹೋಗುತ್ತದೆ. ಇಲ್ಲ ಎಂದರೆ ಅವ್ವ ಉಳಿಯುತ್ತಾಳೆ, ನಾನು ಜೀವನಪೂರ್ತಿ ಚಿಲಕವಿಲ್ಲದ ಬಚ್ಚಲಿನಲ್ಲಿ ಸ್ನಾನ ಮಾಡಬೇಕು. ಕೊನೆಗೆ ಬಾಯಿ ತೆರೆದೆ. ಪ್ರಾರ್ಥನೆ, ಕಿವಿ ಚುಚ್ಚಿದ್ದು, ಬಸ್ಸು, ಎಲ್ಲ ಹೇಳಿದೆ. ಅವ್ವನನ್ನು ಮಾರಿ ನನ್ನನ್ನು ಬಿಡಿಸಿಕೊಂಡ ಹಾಗನ್ನಿಸಿತು. ಮಾವಿಯ ಕಡೆ ತಿರುಗಲಿಲ್ಲ. ಅವರ ಬಳೆ ಒಮ್ಮೆ ಸದ್ದು ಮಾಡಿತು, ಅಷ್ಟೇ.

ಡಾಕ್ಟರಮ್ಮ ಖುಷಿಯಾದರು. ಹಾಳೆಯ ಮೇಲೆ ಒಂದು ಹೃದಯ, ಕೆಳಗೆ ಒಂದು ಹೊಟ್ಟೆ ಬರೆದು ಹೇಳತೊಡಗಿದರು. ಹೃದಯದ ಗೋಡೆಯಲ್ಲಿ ಸಣ್ಣ ಸಣ್ಣ ನರದ ತುದಿಗಳಿವೆಯಂತೆ. ಒಳಗೆ ಎಷ್ಟು ರಕ್ತ ತುಂಬಿದೆ, ಗೋಡೆ ಎಷ್ಟು ಹಿಗ್ಗಿದೆ ಎಂದು ಅವು ಮೆದುಳಿಗೆ ಸುದ್ದಿ ಕೊಡುತ್ತಲೇ ಇರುತ್ತವಂತೆ. ಮೈಯ ರಕ್ತದಲ್ಲಿ ದೊಡ್ಡ ಪಾಲು ಹೊಟ್ಟೆಯ ನಾಳಗಳಲ್ಲಿ ಕೂತಿರುತ್ತದೆ. ಹೃದಯದಲ್ಲಿ ಕಡಿಮೆಯಾಗಿದೆ ಎಂದು ಸುದ್ದಿ ಹೋದರೆ ಮೆದುಳು ಹೊಟ್ಟೆಯ ನಾಳಗಳನ್ನು ಬಿಗಿಸಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ತುಂಬಿದೆ ಎಂದು ಹೋದರೆ ಸಡಿಲ ಬಿಡುತ್ತದೆ. ನಮ್ಮನ್ನು ಕೇಳಿ ಮಾಡುವ ಕೆಲಸವಲ್ಲ ಅದು.

"ನಿಮ್ಮಂಥವರಲ್ಲಿ ಸುದ್ದಿ ತಪ್ಪಾಗಿ ಹೋಗುತ್ತೆ. ಬಹಳ ಹೊತ್ತು ನಿಂತು, ರಕ್ತ ಕಾಲಿಗೂ ಹೊಟ್ಟೆಗೂ ಇಳಿದು, ಹೃದಯ ಅರ್ಧ ಖಾಲಿಯಾಗಿ ಜೋರಾಗಿ ಹಿಂಡ್ಕೊಳ್ಳುತ್ತೆ. ಆ ಹಿಂಡುವಿಕೆಗೆ ನರದ ತುದಿಗಳು 'ತುಂಬಿದೆ, ತುಂಬಿದೆ' ಅಂತ ಕೂಗ್ತವೆ ಅಂತ ಒಂದು ಲೆಕ್ಕ. ಪೂರ್ತಿ ಹೀಗೇ ಅಂತ ನಾವೂ ಪ್ರಮಾಣ ಮಾಡಲ್ಲ. ಆದ್ರೆ ಹೊಟ್ಟೆಯ ನಾಳ ಬಿಗಿಯಬೇಕಾದಾಗ ಸಡಿಲಾಗುತ್ತೆ, ಹೃದಯವೂ ನಿಧಾನ ಆಗುತ್ತೆ. ತಲೆಗೆ ರಕ್ತ ಸಾಲಲ್ಲ. ಹೊಟ್ಟೆ ತುಂಬ ಊಟ ಬೇರೆ ಮಾಡಿದ್ರಿ, ಅಲ್ವಾ?"

"ಅಂದ್ರೆ ಪಂಪು ಸರಿ ಉಂಟು, ನೀರು ಕೆಳಗೇ ನಿಂತಿದೆ," ಎಂದ ಉತ್ತಯ್ಯ.

"ಹೌದು. ಬಿದ್ದು ಮಲಗಿದ್ರೆ ರಕ್ತ ತಾನಾಗಿ ತಲೆಗೆ ಬರುತ್ತೆ. ಬೀಳೋದೇ ಔಷಧಿ. ಆದ್ರೆ ಇಲ್ಲಿ ಬೀಳೋಕೇ ಬಿಟ್ಟಿಲ್ಲ ನೋಡಿ." ಫೋನಿನ ಪರದೆಯ ಮೇಲೆ ಬೆರಳಿಟ್ಟರು. "ಇಬ್ಬರು ಎತ್ತಿ ನಿಲ್ಲಿಸಿಬಿಟ್ಟಿದ್ದಾರೆ. ತಲೆಗೆ ರಕ್ತ ಇಲ್ಲದೆ ಕೈಕಾಲು ಅದುರಿದ್ದು ಅದಕ್ಕೇ. ಯಾರು ಇವರು?"

ಪರದೆಯ ಮೇಲಿದ್ದ ಬಳೆಗಳು ಮೇಜಿನ ಈಚೆಗೂ ಇದ್ದವು. ಮಾವಿ ಮೆಲ್ಲಗೆ ಹೇಳಿದರು, "ಗಂಗೆ ಹೊತ್ತವಳನ್ನು ನೆಲಕ್ಕೆ ಹಾಕೋದುಂಟಾ ಅಮ್ಮ."

ಖಾತ್ರಿಗೆ ಒಂದು ಪರೀಕ್ಷೆ ಮಾಡಿದರು. ಮಂಚಕ್ಕೆ ಬೆಲ್ಟಿನಿಂದ ಬಿಗಿದು, ಮಂಚವನ್ನೇ ಎತ್ತಿ ನನ್ನನ್ನು ನಿಲ್ಲಿಸಿದರು. ಜೊತೆಗೆ ಒಬ್ಬರು ಇರಬಹುದು ಎಂದದ್ದಕ್ಕೆ ಮಾವಿ ಬಂದು ಮೂಲೆಯಲ್ಲಿ ನಿಂತರು. ಹುಟ್ಟಿದಂದಿನಿಂದ ಬೀಳಬಾರದು ಎಂದು ಹಲ್ಲು ಕಚ್ಚಿದವಳು, ಅವತ್ತು ಇಗ್ಗುತಪ್ಪನಿಗೆ ಹರಕೆ ಹೊತ್ತೆ, ಹೇಗಾದರೂ ಬೀಳಿಸಪ್ಪ ಎಂದು. ಬಹಳ ಹೊತ್ತು ಏನೂ ಆಗಲಿಲ್ಲ. ಇಲ್ಲಿಯೂ ಮರ್ಯಾದೆ ಹೋಯಿತು ಎಂದು ಅಳು ಬರುವಷ್ಟರಲ್ಲಿ ಆಕಳಿಕೆ ಬಂತು. ಹೊಟ್ಟೆಯೊಳಗೆ ಅದೇ ಬೆಚ್ಚಗಿನ ಸಡಿಲ. ಯಂತ್ರದ ಟಿಕ್ ಟಿಕ್ ದೂರ ದೂರವಾಯಿತು. ಕಣ್ಣು ಬಿಟ್ಟಾಗ ಮಂಚ ಮಲಗಿತ್ತು, ಡಾಕ್ಟರಮ್ಮ ಮಾವಿಗೆ ಹೇಳುತ್ತಿದ್ದರು: "ಕೈ ಅದುರಿತು, ನೋಡಿದ್ರಲ್ಲ? ಮಲಗಿಸಿದ ಕೂಡಲೇ ನಿಂತಿತು." ಮಾವಿ ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು.

ಮಾತ್ರೆ ನಿಲ್ಲಿಸಲು ಹೇಳಿದರು. ಚೆನ್ನಾಗಿ ನೀರು ಕುಡಿಯಬೇಕು, ತಲೆ ತಿರುಗುವ ಸೂಚನೆ ಕಂಡರೆ ಎಲ್ಲಿದ್ದರೂ ಮಲಗಿಬಿಡಬೇಕು, ನಾಚಿಕೊಳ್ಳಬಾರದು ಎಂದರು. ಕೊನೆಯದು ಡಾಕ್ಟರಿಗೆ ಹೇಳಲು ಸುಲಭ. ಹುಣಸೂರು ದಾಟಿ, ತಿತಿಮತಿ ದಾಟಿ ಮನೆ ಸೇರುವ ತನಕ ಮಾವಿ ಜೀಪಿನ ಹೊರಗೇ ನೋಡುತ್ತಿದ್ದರು. ನನ್ನ ಅವ್ವ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಿದ್ದು ಅವರಿಗೆ ಗೊತ್ತಾಗಿತ್ತು. ಅದನ್ನು ಎಲ್ಲಿ, ಯಾರ ಮುಂದೆ ಬಿಚ್ಚುತ್ತಾರೋ ಎಂದು ನಾನು ದಾರಿಯುದ್ದಕ್ಕೂ ಸತ್ತು ಸತ್ತು ಹುಟ್ಟಿದೆ.

ಹುತ್ತರಿಗೆ ಮೊದಲಿನ ವಾರ ಮಾಚಯ್ಯಜ್ಜ ಬಂದರು. ಸ್ನಾನ ಮಾಡಿ, ನಮ್ಮ ಗಂಡಸರ ಉದ್ದ ನಿಲುವಂಗಿ ಕುಪ್ಯ ಧರಿಸಿ, ಬರಿಗಾಲಿನಲ್ಲಿ ಬಂದಿದ್ದರು. ಜೊತೆಗೆ ಅವ್ವ. ಉತ್ತಯ್ಯನ ಕಡೆಯ ಹಿರಿಯರು ನೆಲ್ಲಕ್ಕಿಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಹಿಂದಿನ ದಿನ ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಅಜ್ಜ ಕೋಲು ಬದಿಗಿಟ್ಟು ತೂಗುದೀಪದ ಹತ್ತಿರ ಹೋದರು. "ಕಾರಣವರೇ" ಎಂದು ಕೈ ಎತ್ತಿದರು.

"ಬೇಡಜ್ಜ."

ಮಾವಿ ಮುಂದೆ ಬಂದು ದೀಪಕ್ಕೂ ಅಜ್ಜನ ಕೈಗೂ ನಡುವೆ ನಿಂತರು.

"ದೀಪ ಮುಟ್ಟಬೇಡಿ. ಏನೂ ಹೇಳೋದೂ ಬೇಡ. ನೀವು ಕೊಟ್ಟ ಮಾತು ಸರಿಯೇ ಉಂಟು, ಹುಡುಗಿಗೆ ರೋಗ ಇಲ್ಲ. ಮೈಸೂರಲ್ಲಿ ನಾನೇ ಕಣ್ಣಾರೆ ನೋಡಿ ಬಂದೆ. ತಲೆ ತಿರುಗಿದವಳನ್ನು ಮಲಗಿಸದೆ ಎತ್ತಿ ನಿಲ್ಲಿಸಿದ್ದು ನಾನು. ಕೈಕಾಲು ಅದುರಿದ್ದು ಅದ್ರಿಂದ. ತಪ್ಪು ನಂದೇ." ಆಮೇಲೆ ಅವ್ವನ ಕಡೆ ತಿರುಗಿ ಎರಡೂ ಕೈ ಮುಗಿದರು. "ನಿಮ್ಮ ಮೇಲೆ ಅನುಮಾನಪಟ್ಟೆ. ಮನಸ್ಸಲ್ಲಿ ಇಟ್ಕೊಳ್ಬೇಡಿ."

ನಾನು ಹಿಂದೆಯೂ ಬಿದ್ದಿದ್ದ ಮಾತನ್ನು ಅವರು ಎತ್ತಲೇ ಇಲ್ಲ. ಅಜ್ಜ ಕಣ್ಣೊರೆಸಿಕೊಂಡರು. "ನಾನು ಹೇಳಿರ್ಲಿಲ್ವಾ?" ಎಂದು ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

ಈಗಲಾದರೂ ಅವ್ವ ಬಾಯಿ ಬಿಡುತ್ತಾಳೆ ಎಂದುಕೊಂಡೆ. ಅವಳು ಮಾವಿಯ ಮುಗಿದ ಕೈಗಳನ್ನು ಹಿಡಿದುಕೊಂಡು ಹೇಳಿದಳು, "ಬಿಡಿ, ಬಿಡಿ. ಮನುಷ್ಯರು ಅಂದ ಮೇಲೆ ತಪ್ಪಾಗೋದೇ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಮಾವಿ ತಲೆ ತಗ್ಗಿಸಿ ಆ ಕ್ಷಮೆಯನ್ನು ತೆಗೆದುಕೊಂಡರು. ಯಾರೋ ಕಾಫಿ ತರಲು ಕೂಗಿದರು. ನಾನು ಕಂಬಕ್ಕೆ ಒರಗದೆ, ಯಾರೂ ಹಿಡಿಯದೆ, ಅಷ್ಟು ಹೊತ್ತೂ ನೆಟ್ಟಗೆ ನಿಂತೇ ಇದ್ದೆ. ಎಲ್ಲೆಲ್ಲೋ ಬಿದ್ದವಳು, ಅವತ್ತು ಮಾತ್ರ ಬೀಳಲಿಲ್ಲ.